ಯಾವುದರ ವೋಲ್ಟೇಜು, ಯಾವುದರ ಕರೆಂಟು?

ಮೇಜಿನ ಮೇಲೆ ಒಂದು ಹಳೆಯ ಫಿಲಮೆಂಟ್ ಬಲ್ಬು ಇದೆ. ಗಾಜಿನ ನೆತ್ತಿಯ ಮೇಲೆ 230 ವೋಲ್ಟ್, 60 ವ್ಯಾಟ್ ಎಂದು ಅಚ್ಚು ಹಾಕಿದ್ದಾರೆ. ಪಕ್ಕದಲ್ಲೊಂದು ಮಲ್ಟಿಮೀಟರ್. ಬಲ್ಬನ್ನು ಯಾವ ಹೋಲ್ಡರಿಗೂ ಸಿಕ್ಕಿಸಿಲ್ಲ. ಮೀಟರಿನ ಗುಂಡಿಯನ್ನು ಓಮ್ ಗುರುತಿಗೆ ತಿರುಗಿಸಿ, ಎರಡು ಮೊನೆಗಳನ್ನು ಬಲ್ಬಿನ ಬುಡಕ್ಕೆ ಒತ್ತುತ್ತೇನೆ. ಮುಂದಿನ ಸಾಲಿನವರು ಓದಿ ಹೇಳಿ. 65 ಅಲ್ಲವೇ? 65 ಓಮ್.

ಈಗ ಶಾಲೆಯಲ್ಲಿ ಕಲಿತ ಲೆಕ್ಕ. 230ನ್ನು 65ರಿಂದ ಭಾಗಿಸಿ, ಮೂರೂವರೆ ಆಂಪಿಯರ್ ಬರುತ್ತದೆ. ಅದನ್ನು ಮತ್ತೆ 230ರಿಂದ ಗುಣಿಸಿ, 814 ವ್ಯಾಟ್. ಬಲ್ಬಿನ ಮೇಲೆ ಬರೆದಿರುವುದು 60. ಒಂದು ಪುಟ್ಟ ಬಲ್ಬು ಇಸ್ತ್ರಿಪೆಟ್ಟಿಗೆಯಷ್ಟು ವಿದ್ಯುತ್ ನುಂಗುತ್ತದೆ ಎಂದು ಲೆಕ್ಕ ಹೇಳುತ್ತಿದೆ. ಹಾಗಾದರೆ ಸುಳ್ಳು ಹೇಳಿದ್ದು ಯಾರು? ಮೀಟರೋ, ಬಲ್ಬು ಮಾಡಿದವರೋ, ಓಮ್ ಮಹಾಶಯನೋ? ಮೂವರೂ ಅಲ್ಲ. ತಪ್ಪು ಲೆಕ್ಕ ಹಾಕಿದವನದು, ಅಂದರೆ ನನ್ನದು. ಅದು ಎಲ್ಲಿ ತಪ್ಪಿತು ಎಂಬುದಕ್ಕೆ ಆಮೇಲೆ ಬರುತ್ತೇನೆ. ಅಲ್ಲಿಯವರೆಗೆ ಈ 814 ನಿಮ್ಮ ತಲೆಯಲ್ಲಿ ಕೊರೆಯುತ್ತಿರಲಿ.

ನಮ್ಮ ಮಾತಿನಲ್ಲಿ ಎಲ್ಲವೂ 'ಕರೆಂಟು'. ಕರೆಂಟು ಹೋಯಿತು, ಕರೆಂಟು ಬಂತು, ಕರೆಂಟು ಹೊಡೆಯಿತು. ಗಮನಿಸಿ ನೋಡಿದರೆ, ದೀಪ ಆರಿದಾಗ ಹೋಗುವುದು ವೋಲ್ಟೇಜು. ಅದು ಹೋದದ್ದರಿಂದ ಕರೆಂಟು ನಿಂತಿತು. ಎಲ್ಲ ಸ್ವಿಚ್ಚುಗಳನ್ನೂ ಆರಿಸಿ ಮಲಗಿದಾಗ ಸ್ವಿಚ್ಚಿನವರೆಗೆ ವೋಲ್ಟೇಜು ಪೂರ್ತಿ ಬಂದು ನಿಂತಿರುತ್ತದೆ, ಕರೆಂಟು ಸೊನ್ನೆ. ವೋಲ್ಟೇಜು ಯಾವಾಗಲೂ ಎರಡು ಬಿಂದುಗಳ ನಡುವಿನ ಮಾತು. 'ಈ ತಂತಿಯ ವೋಲ್ಟೇಜು ಎಷ್ಟು' ಎಂದು ಯಾರಾದರೂ ಕೇಳಿದರೆ 'ಯಾವುದಕ್ಕೆ ಹೋಲಿಸಿ' ಎಂದು ತಿರುಗಿ ಕೇಳಬೇಕು. ಕರೆಂಟು ಹಾಗಲ್ಲ, ಅದು ಒಂದು ಜಾಗವನ್ನು ದಾಟಿಹೋಗುವ ಹರಿವು. ಆದ್ದರಿಂದಲೇ ವೋಲ್ಟ್‌ಮೀಟರನ್ನು ವಸ್ತುವಿನ ಎರಡು ತುದಿಗೆ ಅಡ್ಡಲಾಗಿ ಹಿಡಿಯುತ್ತೇವೆ, ಅಮ್ಮೀಟರನ್ನು ತಂತಿ ಕತ್ತರಿಸಿ ನಡುವೆ ಕೂರಿಸುತ್ತೇವೆ.

ಇವೆರಡು ಅಂಕಿ ಕೈಗೆ ಸಿಕ್ಕಿದರೆ ಭಾಗಾಕಾರ ರೋಧ, ಅಂದರೆ ಕರೆಂಟಿಗೆ ವಸ್ತು ಒಡ್ಡುವ ತಡೆ, ಕೊಡುತ್ತದೆ, ಗುಣಾಕಾರ ಸಾಮರ್ಥ್ಯ ಕೊಡುತ್ತದೆ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಮ್, ಗುಣಿಸಿದರೆ ವ್ಯಾಟ್. ಗಣಿತ ಇಷ್ಟೇ. ಐದನೇ ತರಗತಿಯ ಮಗುವೂ ಮಾಡುತ್ತದೆ. ಕಷ್ಟ ಇರುವುದು ಭಾಗಾಕಾರದಲ್ಲಲ್ಲ, ಭಾಗಿಸುವ ಅಂಕಿಗಳನ್ನು ಎಲ್ಲಿಂದ ತಂದೆವು ಎನ್ನುವುದರಲ್ಲಿ. ಯಾವ ತುಣುಕಿನ ರೋಧ ಬೇಕೋ ಅದೇ ತುಣುಕಿನ ಎರಡು ತುದಿಗಳ ವೋಲ್ಟೇಜು, ಅದೇ ತುಣುಕಿನೊಳಗಿನ ಕರೆಂಟು, ಎರಡೂ ಒಂದೇ ಹೊತ್ತಿನಲ್ಲಿ. ನಾನು ನೋಡಿದ ತಪ್ಪು ಲೆಕ್ಕಗಳಲ್ಲಿ ಹೆಚ್ಚಿನವು ಇಲ್ಲೇ ಜಾರಿವೆ.

ಓಮ್ ಕೂಡ ಮೊದಲು ಇಲ್ಲೇ ಜಾರಿದ್ದ. ಗೇಯೋರ್ಗ್ ಸೀಮೋನ್ ಓಮ್ ಜರ್ಮನಿಯ ಕಲೋನ್ ನಗರದಲ್ಲಿ ಶಾಲೆಯ ಮೇಷ್ಟ್ರು. ಬೇರೆ ಬೇರೆ ಉದ್ದದ ತಂತಿಗಳಲ್ಲಿ ಎಷ್ಟು ಕರೆಂಟು ಹರಿಯುತ್ತದೆ ಎಂದು ಅಳೆಯುತ್ತಿದ್ದ. ಆಗಿನ ರಾಸಾಯನಿಕ ಬ್ಯಾಟರಿಗಳು ಜೋಡಿಸಿದ ಕೂಡಲೇ ಕುಗ್ಗುತ್ತಿದ್ದವು, ತಂತಿ ಬದಲಿಸಿದಂತೆ ವೋಲ್ಟೇಜೂ ಬದಲಾಗುತ್ತಿತ್ತು. 1825ರಲ್ಲಿ ಆತ ಪ್ರಕಟಿಸಿದ ಮೊದಲ ಸೂತ್ರ ತಪ್ಪಾಗಿತ್ತು, ಅದರಲ್ಲಿ ಲಾಗರಿತಮ್ ಇತ್ತು! ಆಮೇಲೆ ಪೊಗ್ಗೆನ್‌ಡಾರ್ಫ್ ಎಂಬ ವಿಜ್ಞಾನಿ, ಬ್ಯಾಟರಿ ಬಿಟ್ಟು ಉಷ್ಣಯುಗ್ಮ ಬಳಸು ಎಂದು ಸಲಹೆ ಕೊಟ್ಟ. ತಾಮ್ರ ಮತ್ತು ಬಿಸ್ಮತ್ ಲೋಹಗಳ ಎರಡು ಬೆಸುಗೆಗಳು, ಒಂದು ಕುದಿಯುವ ನೀರಿನಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ. ವೋಲ್ಟೇಜು ತೀರಾ ಸಣ್ಣದು, ಆದರೆ ಅಲುಗಾಡದ್ದು. ಲೆಕ್ಕ ತಾನಾಗಿ ಸರಿಹೋಯಿತು. 1827ರಲ್ಲಿ ಪುಸ್ತಕವೂ ಬಂತು. ತನ್ನ ನಾಡಿನಲ್ಲಿ ಆಗ ಮನ್ನಣೆ ಸಿಗಲಿಲ್ಲ, ಲಂಡನ್ನಿನ ರಾಯಲ್ ಸೊಸೈಟಿ 1841ರಲ್ಲಿ ಕಾಪ್ಲಿ ಪದಕ ಕೊಟ್ಟಿತು.

ಆತ ಬರೆದ ಸೂತ್ರದ ಛೇದದಲ್ಲಿ ಒಂದಲ್ಲ, ಎರಡು ಪದಗಳಿದ್ದವು. ಒಂದು ಪರೀಕ್ಷೆಗೆ ಸಿಕ್ಕಿಸಿದ ತಂತಿಯದು, ಇನ್ನೊಂದು ಮಂಡಲದ, ಅಂದರೆ ಕರೆಂಟು ಸುತ್ತಿ ಬರುವ ದಾರಿಯ, ಉಳಿದ ಭಾಗದ್ದು. ನಾವು ಎರಡನೆಯದನ್ನು ಮರೆತು ಪಾಠ ಒಪ್ಪಿಸುತ್ತೇವೆ. ಹಳೆಯ ಟಾರ್ಚಿನ ಸೆಲ್ಲು ನೋಡಿ. ಮೀಟರ್ ಹಿಡಿದರೆ 1.5 ವೋಲ್ಟ್ ಎನ್ನುತ್ತದೆ. 'ಸೆಲ್ಲು ಚೆನ್ನಾಗಿಯೇ ಇದೆಯಲ್ಲ' ಎಂದು ಟಾರ್ಚಿಗೆ ಹಾಕಿದರೆ ಮಂಕು ಬೆಳಕು. ದೀಪ ಉರಿಯುತ್ತಿರುವಾಗಲೇ ಅಳೆಯಿರಿ. ಅರ್ಧ ಆಂಪಿಯರ್ ಹರಿಯುವಾಗ 1.1 ವೋಲ್ಟ್ ಬಂತೆನ್ನಿ. ಕಾಣೆಯಾದ 0.4 ವೋಲ್ಟನ್ನು ಅರ್ಧ ಆಂಪಿಯರಿನಿಂದ ಭಾಗಿಸಿ: 0.8 ಓಮ್. ಅದು ಸೆಲ್ಲಿನ ಹೊಟ್ಟೆಯೊಳಗಿನ ರೋಧ. ಇಲ್ಲಿ 1.5ನ್ನು ಭಾಗಿಸಲಿಲ್ಲ, 1.1ನ್ನೂ ಭಾಗಿಸಲಿಲ್ಲ. ಸೆಲ್ಲಿನ ಒಳಗೆ ಕಳೆದುಹೋದ ವೋಲ್ಟೇಜನ್ನು ಮಾತ್ರ ಭಾಗಿಸಿದೆವು.

ಬಲ್ಬಿಗೆ ಬರೋಣ. 65 ಓಮ್ ತಣ್ಣಗಿನ ಫಿಲಮೆಂಟಿನದು. 230 ವೋಲ್ಟ್ ಉರಿಯುವ ಬಲ್ಬಿನದು. ಎರಡು ಬೇರೆ ಹೊತ್ತಿನ ಅಂಕಿಗಳನ್ನು ನಾನು ಒಂದೇ ಸೂತ್ರಕ್ಕೆ ತುರುಕಿದೆ. ಉರಿಯುವಾಗ ಟಂಗ್‌ಸ್ಟನ್ ಎಳೆ ಸುಮಾರು 2,500 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿರುತ್ತದೆ, ಬಿಸಿಯಾದಷ್ಟೂ ಅದರ ರೋಧ ಏರುತ್ತದೆ. ಉರಿಯುವ ಬಲ್ಬಿನ ಕರೆಂಟು ಅಳೆದರೆ 0.26 ಆಂಪಿಯರ್. 230 ಭಾಗಿಸು 0.26 ಎಂದರೆ ಹತ್ತಿರ ಹತ್ತಿರ 880 ಓಮ್. ತಣ್ಣಗಿದ್ದಾಗಿನ ಹದಿಮೂರು ಪಟ್ಟಿಗೂ ಹೆಚ್ಚು.

ಹಾಗಾದರೆ 814 ವ್ಯಾಟ್ ಪೂರಾ ಸುಳ್ಳೇ? ಅಲ್ಲ. ಸ್ವಿಚ್ಚು ಒತ್ತಿದ ಆ ಒಂದು ಕ್ಷಣಕ್ಕೆ ಅದು ನಿಜಕ್ಕೆ ಹತ್ತಿರದ್ದೇ. ಎಳೆ ಇನ್ನೂ ತಣ್ಣಗಿರುತ್ತದೆ, ಮೂರು ಆಂಪಿಯರಿಗೂ ಮಿಕ್ಕಿ ನುಗ್ಗುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಎಳೆ ಬಿಸಿಯಾಗಿ ತನಗೆ ತಾನೇ ಕಡಿವಾಣ ಹಾಕಿಕೊಳ್ಳುತ್ತದೆ. ಇಂಥ ಬಲ್ಬುಗಳು ನೆಮ್ಮದಿಯಾಗಿ ಉರಿಯುತ್ತಿರುವಾಗ ಸಾಯುವುದಕ್ಕಿಂತ ಸ್ವಿಚ್ಚು ಹಾಕಿದಾಗ 'ಟಪ್' ಎಂದು ಸಾಯುವುದೇ ಹೆಚ್ಚು ಎಂಬುದನ್ನು ನಿಮ್ಮಲ್ಲಿ ವಯಸ್ಸಾದವರು ನೋಡಿಯೇ ಇರುತ್ತೀರಿ. ಎಳೆಯ ತೆಳ್ಳಗಾದ ಜಾಗ ಆ ನುಗ್ಗನ್ನು ತಾಳುವುದಿಲ್ಲ.

ಈಗ ಸಾಮರ್ಥ್ಯದ ಸೂತ್ರ. ವೋಲ್ಟೇಜು ಗುಣಿಸು ಕರೆಂಟು, ಇದೇ ಮೂಲ. ರೋಧವನ್ನು ಒಳಗೆ ತಂದರೆ ಇದಕ್ಕೆ ಇನ್ನೆರಡು ವೇಷ ಬರುತ್ತವೆ. ಕರೆಂಟಿನ ವರ್ಗ ಗುಣಿಸು ರೋಧ, ಇಲ್ಲವೇ ವೋಲ್ಟೇಜಿನ ವರ್ಗ ಭಾಗಿಸು ರೋಧ. ತಂತಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೂ ರೋಧಕ್ಕೂ ಅನುಪಾತದಲ್ಲಿದೆ ಎಂದು ಜೇಮ್ಸ್ ಜೂಲ್ ಪ್ರಯೋಗ ಮಾಡಿ ಪ್ರಕಟಿಸಿದ್ದು 1841ರಲ್ಲಿ, ಓಮ್‌ಗೆ ಪದಕ ಸಿಕ್ಕ ವರ್ಷವೇ. ವ್ಯಾಟ್ ಎಂಬ ಹೆಸರು ಆಗಿನ್ನೂ ಹುಟ್ಟಿರಲಿಲ್ಲ, ಅದನ್ನು ವಿಲಿಯಂ ಸೀಮೆನ್ಸ್ ಸೂಚಿಸಿದ್ದು 1882ರಲ್ಲಿ.

ಈ ಎರಡು ವೇಷಗಳನ್ನು ಅಕ್ಕಪಕ್ಕ ಬರೆದ ಕೂಡಲೇ ತರಗತಿಯಲ್ಲಿ ಒಬ್ಬರಾದರೂ ಕೈ ಎತ್ತುತ್ತಾರೆ, ಎತ್ತಬೇಕು. ಒಂದು ಸೂತ್ರದಲ್ಲಿ ರೋಧ ಮೇಲಿದೆ, ಇನ್ನೊಂದರಲ್ಲಿ ಕೆಳಗಿದೆ. ಹಾಗಾದರೆ ರೋಧ ಹೆಚ್ಚಿದರೆ ಬಿಸಿ ಹೆಚ್ಚೋ, ಕಮ್ಮಿಯೋ? ನಾನು ವಿದ್ಯಾರ್ಥಿಯಾಗಿದ್ದಾಗ ಈ ಪ್ರಶ್ನೆ ಕೇಳಲು ನಾಚಿಕೊಂಡು ಎರಡು ವರ್ಷ ಸುಮ್ಮನಿದ್ದೆ.

ಎರಡು ಬಲ್ಬು ತೆಗೆದುಕೊಳ್ಳಿ, ಒಂದು 60 ವ್ಯಾಟ್, ಇನ್ನೊಂದು 100 ವ್ಯಾಟ್, ಎರಡೂ 230 ವೋಲ್ಟಿನವು. ಉರಿಯುವಾಗಿನ ರೋಧ ಮೊದಲನೆಯದಕ್ಕೆ 882 ಓಮ್, ಎರಡನೆಯದಕ್ಕೆ 529. ಸಮಾಂತರವಾಗಿ ಜೋಡಿಸಿದರೆ ಎರಡರ ತುದಿಗಳಿಗೂ ಅದೇ 230 ವೋಲ್ಟ್. ಕಮ್ಮಿ ರೋಧದ್ದು ಹೆಚ್ಚು ಕರೆಂಟು ಎಳೆಯುತ್ತದೆ, ಹೆಚ್ಚು ಬೆಳಗುತ್ತದೆ. ಇದು ಎಲ್ಲರಿಗೂ ಗೊತ್ತು. ಈಗ ಇವನ್ನೇ ಸರಣಿಯಲ್ಲಿ, ಒಂದರ ಬೆನ್ನಿಗೆ ಒಂದನ್ನು ಜೋಡಿಸಿ. ಯಾವುದು ಹೆಚ್ಚು ಬೆಳಗುತ್ತದೆ? ಕೈ ಎತ್ತಿ ನೋಡೋಣ. ನೂರರ ಕಡೆಗೇ ಹೆಚ್ಚು ಕೈಗಳು.

ಲೆಕ್ಕ ಹಾಕೋಣ. ಒಟ್ಟು ರೋಧ 1,411 ಓಮ್. ಕರೆಂಟು 0.163 ಆಂಪಿಯರ್, ಎರಡರಲ್ಲೂ ಅದೇ. ಬೇರೆ ದಾರಿಯೇ ಇಲ್ಲವಲ್ಲ. 60ರ ಬಲ್ಬಿನ ತುದಿಗಳಲ್ಲಿ 144 ವೋಲ್ಟ್, 23 ವ್ಯಾಟ್. 100ರ ಬಲ್ಬಿಗೆ ಉಳಿದದ್ದು 86 ವೋಲ್ಟ್, 14 ವ್ಯಾಟ್. ಚಿಕ್ಕದೇ ಹೆಚ್ಚು ಬೆಳಗುತ್ತದೆ. ಮಂಕಾಗಿ ಉರಿಯುವಾಗ ಎಳೆಗಳು ಅಷ್ಟು ಬಿಸಿಯಾಗಿರುವುದಿಲ್ಲ, ಹಾಗಾಗಿ ನಿಜವಾದ ಅಂಕಿಗಳು ಇವೇ ಆಗಿರುವುದಿಲ್ಲ. ಆದರೆ ಗೆಲ್ಲುವುದು 60ರ ಬಲ್ಬೇ. ವೋಲ್ಟೇಜು ಇಬ್ಬರಿಗೂ ಸಮನಾಗಿದ್ದಾಗ ಕಮ್ಮಿ ರೋಧದ್ದು ಹೆಚ್ಚು ಬಿಸಿ, ಕರೆಂಟು ಇಬ್ಬರಿಗೂ ಸಮನಾಗಿದ್ದಾಗ ಹೆಚ್ಚು ರೋಧದ್ದು ಹೆಚ್ಚು ಬಿಸಿ. 'ಯಾವುದು ಸಮ' ಎಂದು ಮೊದಲು ಕೇಳಿಕೊಂಡರೆ ಜಗಳವೇ ಇಲ್ಲ.

ಹೀಟರಿನ ಮಾತು ಬೇಗ ಮುಗಿಸುತ್ತೇನೆ. 230 ವೋಲ್ಟಿನಲ್ಲಿ 2,000 ವ್ಯಾಟ್ ಎಂದರೆ 8.7 ಆಂಪಿಯರ್, ರೋಧ 26.5 ಓಮ್. ಹೀಟರಿನ ನೈಕ್ರೋಮ್ ತಂತಿ ಟಂಗ್‌ಸ್ಟನ್ನಿನಂತಲ್ಲ, ಬಿಸಿಯಾದರೂ ರೋಧ ಹೆಚ್ಚೇನೂ ಬದಲಾಗುವುದಿಲ್ಲ. ವೋಲ್ಟೇಜು 180ಕ್ಕೆ ಇಳಿದರೆ? ಕರೆಂಟೂ 6.8ಕ್ಕೆ ಇಳಿಯುತ್ತದೆ, ಸಾಮರ್ಥ್ಯ 1,225 ವ್ಯಾಟಿಗೆ ಕುಸಿಯುತ್ತದೆ. ವೋಲ್ಟೇಜು ಕಾಲು ಭಾಗವೂ ಇಳಿದಿಲ್ಲ, ಬಿಸಿ ಹತ್ತಿರ ಹತ್ತಿರ ಐದರಲ್ಲಿ ಎರಡು ಪಾಲು ಹೋಯಿತು. 'ವೋಲ್ಟೇಜು ಕಮ್ಮಿಯಾದರೆ ಕರೆಂಟು ಜಾಸ್ತಿ ಎಳೆಯುತ್ತೆ' ಎಂದು ಸಾಮಾನ್ಯವಾಗಿ ಹೇಳುತ್ತಾರಲ್ಲ, ಅದು ಭಾರ ಹೊತ್ತ ಮೋಟರಿಗೆ ನಿಜ, ಕಂಪ್ಯೂಟರಿನ ಪವರ್ ಸಪ್ಲೈಗೂ ನಿಜ, ಹೀಟರಿಗೆ ಅಲ್ಲ.

ಇದೇ ಹೀಟರಿನ ಪ್ಲಗ್ಗನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪ್ಲಗ್ಗಿನ ಪಿನ್ನು ಸಾಕೆಟ್ಟಿನಲ್ಲಿ ಸಡಿಲವಾಗಿ ಕೂತಿದೆ. ಸಡಿಲ ಎಂದರೆ ವಿದ್ಯುತ್ತಿನ ಭಾಷೆಯಲ್ಲಿ ರೋಧ. ಅರ್ಧ ಓಮ್ ಎಂದುಕೊಳ್ಳಿ. 26.5ರ ಎದುರು ಅರ್ಧ ಓಮ್ ಏನು ಮಹಾ! ಕರೆಂಟು 8.7ರ ಬದಲು 8.5 ಆಯಿತು, ಅಷ್ಟೇ. ಹೀಟರು ಎಂದಿನಂತೆ ಬಿಸಿಯಾಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಆ ಪಿನ್ನಿನ ಜಾಗದಲ್ಲಿ ಕರೆಂಟಿನ ವರ್ಗ ಗುಣಿಸು ರೋಧ ಹಾಕಿ: 36 ವ್ಯಾಟ್. ಎಲೆಕ್ಟ್ರಾನಿಕ್ಸ್ ಕೆಲಸ ಮಾಡುವವರು ಇಲ್ಲಿದ್ದರೆ ಅವರಿಗೆ ಈ ಅಂಕಿ ಪರಿಚಿತ. ಸೀಸ ಕರಗಿಸುವ ಸಣ್ಣ ಸೋಲ್ಡರಿಂಗ್ ಐರನ್ನು ಅಷ್ಟೇ ಸಾಮರ್ಥ್ಯದ್ದು. ಅಂಥದ್ದೊಂದನ್ನು ಪ್ಲಾಸ್ಟಿಕ್ಕಿನ ಪ್ಲಗ್ಗಿನೊಳಗೆ ಇಟ್ಟು ಮುಚ್ಚಿದ ಹಾಗಾಯಿತು. ಮೊದಲು ಪ್ಲಗ್ಗು ಮುಟ್ಟಿದರೆ ಬೆಚ್ಚಗೆ, ಆಮೇಲೆ ಕಂದು ಬಣ್ಣ, ಆಮೇಲೆ ವಾಸನೆ. ಬಿಸಿಗೆ ಲೋಹ ಕಪ್ಪಾಗಿ, ಒಳಗಿನ ಸ್ಪ್ರಿಂಗಿನ ಹಿಡಿತ ಬಿಟ್ಟು, ಅರ್ಧ ಓಮ್ ಇನ್ನೂ ಏರುತ್ತದೆ. ಫ್ಯೂಸು ಹಾರುವುದೇ? ಇಲ್ಲ. ಕರೆಂಟು ಹೆಚ್ಚಾಗಿಲ್ಲ, ಕಮ್ಮಿಯಾಗಿದೆ. ಫ್ಯೂಸಿನ ಕಣ್ಣಿಗೆ ಎಲ್ಲವೂ ಸುಸೂತ್ರ.

ಒಬ್ಬ ಹುಡುಗ ನನಗೆ ಇದೇ ಲೆಕ್ಕವನ್ನು ಇನ್ನೊಂದು ವೇಷದಲ್ಲಿ ಮಾಡಿ ತೋರಿಸಿದ್ದ. 230ರ ವರ್ಗ ಭಾಗಿಸು ಅರ್ಧ, ಒಂದು ಲಕ್ಷ ವ್ಯಾಟ್ ದಾಟಿತು. 'ಸಾರ್, ಪ್ಲಗ್ಗು ಸಿಡಿಯಬೇಕಲ್ಲ?' ಎಂದ. ಭಾಗಾಕಾರ ಸರಿ, ವೋಲ್ಟೇಜು ಬೇರೆಯವರದು. ಆ 230 ಇಡೀ ಮಂಡಲಕ್ಕೆ ಸೇರಿದ್ದು. ಸಡಿಲ ಪಿನ್ನಿನ ಎರಡು ಬದಿಗೆ ಇರುವುದು ಬರೀ 4.3 ವೋಲ್ಟ್. ಅದನ್ನು ಹಾಕಿದರೆ ಈ ವೇಷದಲ್ಲೂ ಅದೇ 36 ಬರುತ್ತದೆ.

ದೂರದ ವಿದ್ಯುತ್ ಲೈನುಗಳನ್ನು ಹೆಚ್ಚು ವೋಲ್ಟೇಜಿನಲ್ಲಿ ಯಾಕೆ ಓಡಿಸುತ್ತಾರೆ ಎಂಬುದಕ್ಕೂ ಇದೇ ಉತ್ತರ. ಒಂದು ಓಮ್ ರೋಧದ ಲೈನಿನಲ್ಲಿ 100 ಕಿಲೋವ್ಯಾಟ್ ಸಾಗಿಸಬೇಕು. 11,000 ವೋಲ್ಟಿನಲ್ಲಿ ಕಳಿಸಿದರೆ ಕರೆಂಟು 9 ಆಂಪಿಯರ್, ದಾರಿಯಲ್ಲಿ ಕಳೆಯುವುದು 83 ವ್ಯಾಟ್. 230 ವೋಲ್ಟಿನಲ್ಲಿ ಕಳಿಸಲು ಹೊರಟರೆ 435 ಆಂಪಿಯರ್ ಬೇಕು, ಲೈನಿನಲ್ಲೇ 435 ವೋಲ್ಟ್ ಕಳೆಯಬೇಕು. ಇರುವುದೇ 230! ಲೆಕ್ಕವೇ ಆಗುವುದಿಲ್ಲ ಎನ್ನುತ್ತದೆ.

ಎಲ್‌ಇಡಿ ಕಡೆ ಬರೋಣ. 9 ವೋಲ್ಟಿನ ಬ್ಯಾಟರಿ, ಒಂದು ಬಿಳಿ ಎಲ್‌ಇಡಿ. ಅದಕ್ಕೆ 3 ವೋಲ್ಟ್, 20 ಮಿಲಿಆಂಪಿಯರ್ ಸಾಕು. ನೇರವಾಗಿ ಬ್ಯಾಟರಿಗೆ ಕೊಟ್ಟರೆ ಸುಟ್ಟುಹೋಗುತ್ತದೆ, ನಡುವೆ ಒಂದು ರೋಧಕ ಹಾಕಬೇಕು. ಎಷ್ಟು ಓಮಿನದು? 9ನ್ನು 20 ಮಿಲಿಆಂಪಿಯರಿನಿಂದ ಭಾಗಿಸಬೇಡಿ. 3 ವೋಲ್ಟ್ ಎಲ್‌ಇಡಿಯ ಪಾಲಾದರೆ ರೋಧಕದ ಪಾಲು 6. ಆರನ್ನು ಭಾಗಿಸಿ, 300 ಓಮ್. ಇಲ್ಲೊಂದು ಕೈಚಳಕ ಹೇಳಿಬಿಡುತ್ತೇನೆ. ವೋಲ್ಟನ್ನು ಮಿಲಿಆಂಪಿಯರಿನಿಂದ ಭಾಗಿಸಿದರೆ ಉತ್ತರ ಸೀದಾ ಕಿಲೋಓಮಿನಲ್ಲಿ ಬರುತ್ತದೆ, ಸೊನ್ನೆ ಎಣಿಸುವ ಗೋಜಿಲ್ಲ. 6 ಭಾಗಿಸು 20, 0.3 ಕಿಲೋಓಮ್. ಸುಲಭವಾಗಿ ಸಿಗುವುದು 330 ಓಮ್, ಅದನ್ನೇ ಹಾಕಿದರೆ 18 ಮಿಲಿಆಂಪಿಯರ್, ಕಣ್ಣಿಗೆ ವ್ಯತ್ಯಾಸ ಕಾಣದು. ರೋಧಕದಲ್ಲಿ ಬಿಸಿ 0.11 ವ್ಯಾಟ್, ಕಾಲು ವ್ಯಾಟಿನ ರೋಧಕ ನಿರಾಳ. ಬ್ಯಾಟರಿ 24 ವೋಲ್ಟಿನದಾಗಿದ್ದರೆ, ಅದೇ 20 ಮಿಲಿಆಂಪಿಯರಿಗೆ ತಕ್ಕ ಓಮಿನ ರೋಧಕ ಹಾಕಿದರೂ ಅದಕ್ಕೆ 21 ವೋಲ್ಟ್ ಬೀಳುತ್ತದೆ, ಬಿಸಿ 0.42 ವ್ಯಾಟ್. ಕಾಲು ವ್ಯಾಟಿನದು ಕರಕಲಾಗುತ್ತದೆ. ಓಮ್ ಸರಿಯಿತ್ತು, ವ್ಯಾಟ್ ನೋಡಲಿಲ್ಲ ಎನ್ನುವ ಗೋಳು ಇದೇ.

ಎಲ್‌ಇಡಿಯದೇ ರೋಧ ಎಷ್ಟು ಎಂದು ಕೇಳಿದರೆ? 3 ವೋಲ್ಟ್ ಭಾಗಿಸು 20 ಮಿಲಿಆಂಪಿಯರ್, 150 ಓಮ್ ಎಂದು ಬರೆಯಬಹುದು. ಆದರೆ ಆ ಅಂಕಿ ಹಿಡಿದುಕೊಂಡು ಮುಂದಕ್ಕೆ ಹೋಗಬೇಡಿ. ವೋಲ್ಟೇಜು ಒಂಚೂರು ಏರಿದರೆ ಕರೆಂಟು ಹಲವು ಪಟ್ಟು ಏರುತ್ತದೆ, 150 ಎಲ್ಲೋ ಮಾಯ. ಭಾಗಾಕಾರವನ್ನು ಯಾವುದರ ಮೇಲೂ ಮಾಡಬಹುದು, ವೋಲ್ಟೇಜು ಎಷ್ಟು ಪಟ್ಟು ಏರಿದರೆ ಕರೆಂಟೂ ಅಷ್ಟೇ ಪಟ್ಟು ಏರುತ್ತದೆ ಎನ್ನುವ ಓಮ್ ನಿಯಮ ಮಾತ್ರ ಎಲ್ಲದಕ್ಕೂ ಅನ್ವಯಿಸುವುದಿಲ್ಲ.

ಕೊನೆಗೆ ಮೋಟರು. ಒಂದು ಎಸಿ ಮೋಟರು, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಮನೆಯ ಕರೆಂಟಿನಲ್ಲಿ ಓಡುವಂಥದ್ದು, 230 ವೋಲ್ಟಿನಲ್ಲಿ 3 ಆಂಪಿಯರ್ ಎಳೆಯುತ್ತಿದೆ. ಗುಣಿಸಿದರೆ 690. ಪಕ್ಕದಲ್ಲಿ ವ್ಯಾಟ್‌ಮೀಟರ್ ಇಟ್ಟರೆ ಅದು 483 ಎನ್ನುತ್ತದೆ. ಮೋಟರನ್ನು ಬಿಚ್ಚಿಟ್ಟು ಸುರುಳಿಯ ರೋಧ ಅಳೆದರೆ 10 ಓಮ್. 10 ಓಮಿಗೆ 230 ವೋಲ್ಟ್ ಕೊಟ್ಟರೆ 23 ಆಂಪಿಯರ್ ಹರಿಯಬೇಕಿತ್ತಲ್ಲ? ಸುರುಳಿಯ ಕಾಂತಕ್ಷೇತ್ರ ಏರಿಳಿಯುತ್ತ ಎದುರು ವೋಲ್ಟೇಜು ಹುಟ್ಟಿಸುತ್ತದೆ, ಅದು ಕರೆಂಟನ್ನು ತಡೆದು ಹಿಡಿದಿದೆ. ಅದೇ ಕಾರಣಕ್ಕೆ ಕರೆಂಟು ವೋಲ್ಟೇಜಿನ ಜೊತೆ ಹೆಜ್ಜೆ ಹಾಕದೆ ಒಂದಿಷ್ಟು ಹಿಂದೆ ಬೀಳುತ್ತದೆ. ಆದ್ದರಿಂದ 690 ವ್ಯಾಟ್ ಅಲ್ಲ, ವೋಲ್ಟ್-ಆಂಪಿಯರ್. ಅದನ್ನು ಪವರ್ ಫ್ಯಾಕ್ಟರಿನಿಂದ, ಅಂದರೆ ಹೆಜ್ಜೆ ತಪ್ಪಿದ್ದಕ್ಕೆ ಮಾಡುವ ಕಡಿತದ ಅಂಕಿಯಿಂದ, ಇಲ್ಲಿ 0.7ರಿಂದ, ಗುಣಿಸಿದಾಗ 483 ವ್ಯಾಟ್. ಇನ್ನು ಆ 10 ಓಮ್ ಕೆಲಸಕ್ಕೆ ಬಾರದ್ದೇ? ಅದಕ್ಕೂ ಜಾಗವಿದೆ. 3ರ ವರ್ಗ ಗುಣಿಸು 10, 90 ವ್ಯಾಟ್. ತಾಮ್ರದಲ್ಲಿ ಬಿಸಿಯಾಗಿ ಹೋಗುವುದು ಅಷ್ಟು. ಮೋಟರಿನ ಅಚ್ಚು ಸಿಕ್ಕಿಹಾಕಿಕೊಂಡು ಕರೆಂಟು 12 ಆಂಪಿಯರಿಗೆ ಏರಿದರೆ ಆ 90 ನಾಲ್ಕು ಪಟ್ಟಲ್ಲ, ಹದಿನಾರು ಪಟ್ಟಾಗಿ 1,440 ವ್ಯಾಟ್ ಆಗುತ್ತದೆ. ಸುರುಳಿಯ ಅರಗು ಸುಟ್ಟ ವಾಸನೆ ಬರಲು ಹೆಚ್ಚು ಹೊತ್ತು ಬೇಡ.

ಅಳೆಯುವುದರ ಬಗ್ಗೆ ಒಂದು ಮಾತು. ಅಭ್ಯಾಸ ಮಾಡುವವರು ಬ್ಯಾಟರಿಯ ಮೇಲೆ ಮಾಡಿ, ಗೋಡೆಯ ಸಾಕೆಟ್ಟಿಗೆ ಕೈ ಹಾಕಬೇಡಿ. ಕರೆಂಟು ಅಳೆಯಲು ಮಲ್ಟಿಮೀಟರಿನ ಕೆಂಪು ತಂತಿಯನ್ನು ಆಂಪಿಯರಿನ ತೂತಿಗೆ ಹಾಕುತ್ತೀರಿ. ಮುಗಿದ ಮೇಲೆ ಅದನ್ನು ಕಿತ್ತು ವೋಲ್ಟಿನ ತೂತಿಗೆ ಹಾಕಿಯೇ ಮೀಟರನ್ನು ಕೆಳಗಿಡಿ. ನಾನು ಹಾಕಿರಲಿಲ್ಲ. ಗುಂಡಿಯನ್ನು ವೋಲ್ಟಿಗೆ ತಿರುಗಿಸಿದೆ, ತಂತಿ ಆಂಪಿಯರಿನಲ್ಲೇ ಇತ್ತು, ಹಾಗೇ ಸಾಕೆಟ್ಟಿಗೆ ಚುಚ್ಚಿದೆ. ನೀಲಿ ಕಿಡಿ, ಒಂದು ಸದ್ದು, ಕೋಣೆಯೆಲ್ಲ ಕತ್ತಲೆ. ಮೊನೆಯ ತುದಿ ಕರಗಿ ಸಾಸಿವೆ ಕಾಳಿನಂತಾಗಿತ್ತು. ಬೈಗುಳ ಮುಗಿದ ಮೇಲೆ ಒಂದು ಚೀಟಿಯ ಮೇಲೆ ಲೆಕ್ಕ ಹಾಕಿದೆ: ಅಮ್ಮೀಟರಿನ ರೋಧ 0.1 ಓಮ್ ಹಿಡಿದರೆ 2,300 ಆಂಪಿಯರ್. ನಮ್ಮ ಮೇಷ್ಟ್ರು ಚೀಟಿ ನೋಡಿ, 'ಗೋಡೆಯೊಳಗಿನ ತಂತಿ ಎಲ್ಲಿ ಹೋಯಿತು?' ಎಂದರು. ಅದಕ್ಕೆ ಅರ್ಧ ಓಮ್ ಸೇರಿಸಿ ಮತ್ತೆ ಭಾಗಿಸಿದೆ. 383 ಬಂತು. 'ಹ್ಞಾ, ಈಗ ಫ್ಯೂಸು ತೆಗೆದುಕೊಂಡು ಬಾ' ಎಂದರು.